ಟೆನರ್ ಸಾಲು: ಕಾಗದದಲ್ಲೊಂದು, ಗಂಟಲಲ್ಲೊಂದು

ಪ್ರಶ್ನೆ: ನಾನು ಮಂಗಳೂರಿನ ಒಂದು ಚರ್ಚಿನ ಕ್ವಾಯರ್‌ಗೆ ಎರಡು ತಿಂಗಳಿಂದ ಕೀಬೋರ್ಡ್ ನುಡಿಸುತ್ತಿದ್ದೇನೆ. ಈಚೆಗೆ ಬಂದ ನಾಲ್ಕು ಧ್ವನಿಗಳ (ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್) ಹಾಡೊಂದರಲ್ಲಿ ಟೆನರ್ ಸಾಲು ಟ್ರೆಬಲ್ ಕ್ಲೆಫ್‌ನಲ್ಲಿದೆ (ಯಾವ ಗೆರೆ ಯಾವ ಸ್ವರವೆಂದು ಹೇಳುವ, ಸಾಲಿನ ಆರಂಭದ ಗುರುತೇ ಕ್ಲೆಫ್). ಬರೆದಂತೆ ನುಡಿಸಿದರೆ ಅದು ಸೊಪ್ರಾನೊಗಿಂತ ಮೇಲಕ್ಕೆ ಹೋಗುತ್ತದೆ. ಟೆನರ್‌ಗಳು ಮಾತ್ರ ‘ನಾವು ಬರೆದದ್ದನ್ನೇ ಹಾಡುತ್ತಿದ್ದೇವೆ’ ಎನ್ನುತ್ತಾರೆ. ಸ್ತೋತ್ರಪುಸ್ತಕದಲ್ಲಿ ಟೆನರ್ ಬಾಸ್ ಕ್ಲೆಫ್‌ನಲ್ಲಿರುತ್ತದೆ. ಕೆಲವು ಪ್ರತಿಗಳಲ್ಲಿ ಟ್ರೆಬಲ್ ಕ್ಲೆಫ್‌ನ ಬುಡದಲ್ಲಿ ಪುಟ್ಟ 8 ಇದೆ, ಕೆಲವದರಲ್ಲಿ ಇಲ್ಲ. ಯಾವುದು ಸರಿ? ಗಂಡಸರು ಒಬ್ಬರೇ ಹಾಡುವ ಹಾಡುಗಳಿಗೂ ಇದೇ ನಿಯಮವೇ? ನಮ್ಮಲ್ಲಿ ಗಂಡಸರು ಕಡಿಮೆ. ಇಬ್ಬರು ಮಹಿಳೆಯರು ಟೆನರ್ ಸಾಲಿಗೆ ಸೇರಿಕೊಳ್ಳುತ್ತಾರೆ. ಅವರು ಯಾವ ಸ್ಥಾಯಿಯಲ್ಲಿ ಹಾಡಬೇಕು?

ಉತ್ತರ: ನಿಮ್ಮ ಟೆನರ್‌ಗಳು ಹೇಳುವುದು ಸರಿ. ನಿಮ್ಮ ಕಿವಿಗೆ ಬಿದ್ದ ಎಡವಟ್ಟೂ ನಿಜವೇ. ಟ್ರೆಬಲ್ ಕ್ಲೆಫ್‌ನಲ್ಲಿ ಬರೆದ ಟೆನರ್ ಸಾಲನ್ನು, ಕ್ಲೆಫ್‌ನ ಬುಡದಲ್ಲಿ 8 ಇದ್ದರೂ ಇಲ್ಲದಿದ್ದರೂ, ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಹಾಡಬೇಕು. ಅಭ್ಯಾಸ ಮಾಡಿಸುವಾಗ ನೀವೂ ಒಂದು ಸ್ಥಾಯಿ ಕೆಳಗೆ ನುಡಿಸಬೇಕು. ಸ್ತೋತ್ರಪುಸ್ತಕದ ಬಾಸ್ ಕ್ಲೆಫ್‌ನಲ್ಲಿರುವ ಟೆನರ್ ಮಾತ್ರ ಬರೆದಲ್ಲಿಯೇ ಕೇಳಿಸುತ್ತದೆ. ಬರಹ ಎರಡು, ಸ್ವರ ಒಂದೇ.

ಒಂದೇ ಒಂದು ಕಾರ್ಡನ್ನು, ಅಂದರೆ ಒಟ್ಟಿಗೆ ಕೇಳಿಸುವ ಸ್ವರಗಳ ಗುಚ್ಛವನ್ನು, ಹತ್ತಿರದಿಂದ ನೋಡಿದರೆ ಗೊಂದಲ ಅರ್ಧ ಇಳಿಯುತ್ತದೆ. ಹಾಡು ಜಿ ಮೇಜರ್‌ನಲ್ಲಿದೆ, ಮೊದಲ ಕಾರ್ಡಿನಲ್ಲಿ ಸೊಪ್ರಾನೊಗೆ ಜಿ, ಆಲ್ಟೊಗೆ ಡಿ, ಟೆನರ್‌ಗೆ ಬಿ, ಬಾಸ್‌ಗೆ ಜಿ ಎಂದಿಟ್ಟುಕೊಳ್ಳಿ. ಸ್ತೋತ್ರಪುಸ್ತಕ ಇದನ್ನು ಎರಡೇ ಸ್ಟಾಫ್‌ಗಳಲ್ಲಿ, ಅಂದರೆ ಐದೈದು ಗೆರೆಗಳ ಎರಡು ಪಟ್ಟಿಗಳಲ್ಲಿ, ಮುದ್ರಿಸುತ್ತದೆ. ಟೆನರ್‌ನ ಬಿ ಕೆಳಗಿನ ಸ್ಟಾಫ್‌ನ ಮೇಲ್ತುದಿಯ ಗೆರೆಯ ನೆತ್ತಿಯಲ್ಲಿ, ಕಡ್ಡಿಯನ್ನು ಮೇಲಕ್ಕೆತ್ತಿಕೊಂಡು ಕೂತಿರುತ್ತದೆ. ಕೀಬೋರ್ಡಿನಲ್ಲಿ ಅದು ಮಿಡಲ್ ಸಿಯ (ನಟ್ಟನಡುವಿನ ಸಿ ಸ್ವರದ) ಪಕ್ಕದಲ್ಲೇ, ಎಡಗಡೆಯ ಬಿಳಿ ಕೀ. ಬಾಸ್‌ನ ಜಿ ಅಲ್ಲಿಂದ ಎರಡು ಬಿಳಿ ಕೀ ಎಡಕ್ಕೆ. ಆಲ್ಟೊದ ಡಿ ಮಿಡಲ್ ಸಿಯ ಬಲಪಕ್ಕದ್ದು, ಸೊಪ್ರಾನೊದ ಜಿ ಇನ್ನೂ ಮೂರು ಕೀ ಬಲಕ್ಕೆ. ಕೆಳಗಿನಿಂದ ಮೇಲಕ್ಕೆ ಜಿ, ಬಿ, ಡಿ, ಜಿ: ಎಲ್ಲವೂ ಒಂದು ಸ್ಥಾಯಿಯೊಳಗೆ ಒತ್ತೊತ್ತಾಗಿ ಕೂರುತ್ತವೆ.

ಇದೇ ಕಾರ್ಡನ್ನು ಧ್ವನಿಗೊಂದು ಸ್ಟಾಫ್ ಕೊಟ್ಟು ಬರೆದ ಪ್ರತಿಯಲ್ಲಿ ನೋಡಿ. ಟೆನರ್‌ನ ಬಿ ಈಗ ಟ್ರೆಬಲ್ ಸ್ಟಾಫ್‌ನ ನಟ್ಟನಡುವಿನ ಗೆರೆಯ ಮೇಲಿದೆ. ಅದನ್ನು ಕಂಡಂತೆ ನುಡಿಸಿದರೆ ಬೆರಳು ಸೊಪ್ರಾನೊದ ಜಿಗಿಂತಲೂ ಎರಡು ಬಿಳಿ ಕೀ ಬಲಕ್ಕೆ ಹೋಗುತ್ತದೆ. ಹಾಡಿನ ಮುಖ್ಯ ಸಾಲು ಟೆನರ್‌ನ ಕೆಳಗೆ ಹೂತುಹೋಗುತ್ತದೆ, ಬಾಸ್ ಮತ್ತು ಆಲ್ಟೊ ನಡುವೆ ಟೆನರ್ ಇರಬೇಕಾದ ಜಾಗ ಖಾಲಿ ಬೀಳುತ್ತದೆ. ನಿಮಗೆ ಕೇಳಿಸಿದ್ದು ಇದೇ. ಸ್ವರದ ಹೆಸರು ಒಂದೂ ತಪ್ಪಿಲ್ಲ, ಆದರೂ ಮನೆಯ ನಡುಗಂಬ ಕಿತ್ತು ಮಾಳಿಗೆಯ ಮೇಲೆ ನಿಲ್ಲಿಸಿದಂತಾಗಿದೆ.

ನಾಚಿಕೆಪಡಬೇಕಾಗಿಲ್ಲ. ನಾನು ಕ್ವಾಯರ್‌ಗೆ ನುಡಿಸಲು ತೊಡಗಿದ ಹೊಸತರಲ್ಲಿ ಟೆನರ್ ಸಾಲನ್ನು ಮನೆಯಲ್ಲಿ ನುಡಿಸಿ, ಕ್ಯಾಸೆಟ್ಟಿಗೆ ತುಂಬಿ, ಹುಡುಗರಿಗೆ ಹಂಚಿದ್ದೆ. ಕಂಡಂತೆಯೇ ನುಡಿಸಿದ್ದೆ. ಮೂವರಲ್ಲಿ ಇಬ್ಬರು ಏನೂ ಅನುಮಾನವಿಲ್ಲದೆ ತಮ್ಮ ಸ್ಥಾಯಿಯಲ್ಲಿ ಕಲಿತು ಬಂದರು. ಮೂರನೆಯವನು ವಿಧೇಯ ಹುಡುಗ. ಕ್ಯಾಸೆಟ್ಟಿನಲ್ಲಿದ್ದಂತೆಯೇ ಕಳ್ಳಧ್ವನಿಯಲ್ಲಿ, ಕತ್ತಿನ ನರ ಉಬ್ಬಿಸಿಕೊಂಡು, ಪಲ್ಲವಿ ಪೂರ್ತಿ ಕಲಿತಿದ್ದ. ನಮ್ಮ ನಿರ್ದೇಶಕರು ಅವನನ್ನು ಬೈಯಲಿಲ್ಲ. ಕೀಬೋರ್ಡಿನ ಕಡೆ ತಿರುಗಿ ನನ್ನನ್ನು ನೋಡಿದರು, ಅಷ್ಟೆ.

ಹಾಗಾದರೆ ಇಷ್ಟು ಸುತ್ತು ಯಾಕೆ, ಹಾಡುವ ಜಾಗದಲ್ಲೇ ಬರೆಯಬಾರದೇ ಎಂಬುದು ನ್ಯಾಯವಾದ ಪ್ರಶ್ನೆ. ಬರೆದು ನೋಡಿ. ಕ್ವಾಯರ್‌ನ ಟೆನರ್ ಹರವು ಸುಮಾರಾಗಿ ಮಿಡಲ್ ಸಿಗಿಂತ ಒಂದು ಸ್ಥಾಯಿ ಕೆಳಗಿನ ಸಿಯಿಂದ ಮಿಡಲ್ ಸಿಯ ಮೇಲಿನ ಜಿ ಅಥವಾ ಎ ತನಕ. ಬಾಸ್ ಕ್ಲೆಫ್‌ನಲ್ಲಿ ಕೆಳಗಿನ ಸ್ವರಗಳು ಸುಖವಾಗಿ ಕೂರುತ್ತವೆ. ಮೇಲಿನವು ಗೆರೆ ದಾಟಿ ಹೋಗುತ್ತವೆ: ಮಿಡಲ್ ಸಿಗೆ ಒಂದು ಲೆಡ್ಜರ್ ಗೆರೆ (ಐದು ಗೆರೆಗಳ ಆಚೆಗಿನ ಸ್ವರಕ್ಕೆ ಎಳೆಯುವ ತುಂಡುಗೆರೆ), ಇಗೆ ಎರಡು, ಜಿಗೆ ಮೂರು. ಟ್ರೆಬಲ್ ಕ್ಲೆಫ್‌ನಲ್ಲಿ ನಿಜವಾದ ಜಾಗದಲ್ಲಿ ಬರೆದರೆ ಕಷ್ಟ ಇನ್ನೊಂದು ತುದಿಗೆ ಹೋಗುತ್ತದೆ. ಕೆಳಗಿನ ಸಿ ನಾಲ್ಕು ಲೆಡ್ಜರ್ ಗೆರೆಗಳ ಕೆಳಗೆ ನೇತಾಡುತ್ತದೆ. ಅದೇ ಟ್ರೆಬಲ್ ಕ್ಲೆಫ್‌ನಲ್ಲಿ ಒಂದು ಸ್ಥಾಯಿ ಮೇಲೆ ಬರೆದುಬಿಟ್ಟರೆ ಇಡೀ ಹರವು ಕೆಳಗೊಂದು, ಮೇಲೊಂದು ಲೆಡ್ಜರ್ ಗೆರೆಯೊಳಗೆ ಮುಗಿಯುತ್ತದೆ. ಕಣ್ಣಿಗೆ ಅದು ಸೊಪ್ರಾನೊ ಸಾಲಿನ ಹಾಗೆಯೇ ಕಾಣುತ್ತದೆ, ಸೊಪ್ರಾನೊ ಓದಬಲ್ಲವರೆಲ್ಲ ಟೆನರ್ ಓದಬಲ್ಲರು.

ಹಿಂದಿನವರಿಗೆ ಇದಕ್ಕಿಂತ ಚೊಕ್ಕವಾದ ಉಪಾಯ ಗೊತ್ತಿತ್ತು. 18ನೇ ಶತಮಾನದ ಸಂಗೀತಕಾರರಾದ ಬಾಖ್, ಹ್ಯಾಂಡೆಲ್ ಕಾಲದಲ್ಲಿ ಒಂದೊಂದು ಧ್ವನಿಗೂ ಅದರದೇ ಕ್ಲೆಫ್. ಸಿ ಕ್ಲೆಫ್ ಎಂಬ ಗುರುತು ಯಾವ ಗೆರೆಯ ಮೇಲೆ ಕೂರುತ್ತದೋ ಆ ಗೆರೆ ಮಿಡಲ್ ಸಿ. ಸೊಪ್ರಾನೊಗೆ ಅದು ಕೆಳಗಿನ ಮೊದಲ ಗೆರೆ, ಆಲ್ಟೊಗೆ ಮೂರನೆಯದು, ಟೆನರ್‌ಗೆ ನಾಲ್ಕನೆಯದು. ಸಾಲು ಐದು ಗೆರೆಗಳೊಳಗೆ ಬೀಳುವಂತೆ ಕ್ಲೆಫ್ಪನ್ನೇ ಸರಿಸುವ ಲೆಕ್ಕಾಚಾರ ಇದು. ಎಲ್ಲ ಧ್ವನಿಗಳೂ ಬರೆದಲ್ಲಿಯೇ ಕೇಳಿಸುತ್ತಿದ್ದವು. 1851ರಿಂದ 1899ರವರೆಗೆ ಸಂಪುಟ ಸಂಪುಟವಾಗಿ ಹೊರಬಂದ ಬಾಖ್‌ನ ಸಮಗ್ರ ಆವೃತ್ತಿಯಲ್ಲೂ ಈ ಕ್ಲೆಫ್‌ಗಳೇ ಇವೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಬಾಖ್ ಪ್ರತಿಗಳಲ್ಲಿ ಬಹಳಷ್ಟು ಅದರ ನಕಲುಗಳು. ಹಾಗಾಗಿ ಸೊಪ್ರಾನೊ ಸಾಲು ವಿಚಿತ್ರವಾಗಿ ಕಂಡರೆ ಮೊದಲು ಕ್ಲೆಫ್ ನೋಡಿ, ಆಮೇಲೆ ಬಾಖ್‌ನನ್ನು ಬೈಯಿರಿ.

19ನೇ ಶತಮಾನದ ಇಂಗ್ಲೆಂಡಿನಲ್ಲಿ ನೂರಾರು ಜನರ ಹವ್ಯಾಸಿ ಕ್ವಾಯರ್‌ಗಳು ಹುಟ್ಟಿಕೊಂಡವು. ಲಂಡನ್ನಿನ ನೊವೆಲ್ಲೊದಂಥ ಪ್ರಕಾಶಕರು ಅವರಿಗಾಗಿ ಅಗ್ಗದ ಪ್ರತಿಗಳನ್ನು ರಾಶಿರಾಶಿಯಾಗಿ ಮುದ್ರಿಸಿದರು. ಹಗಲು ಗಿರಣಿಯಲ್ಲೋ ಅಂಗಡಿಯಲ್ಲೋ ದುಡಿದು ಸಂಜೆ ಹಾಡಲು ಬರುವವರಿಗೆ ನಾಲ್ಕು ಬಗೆಯ ಕ್ಲೆಫ್ ಕಲಿಸುವವರಾರು? ಪಿಯಾನೊದಿಂದ ಎಲ್ಲರಿಗೂ ಪರಿಚಯವಿದ್ದ ಟ್ರೆಬಲ್ ಮತ್ತು ಬಾಸ್ ಎರಡೇ ಉಳಿದವು, ಟೆನರ್ ಟ್ರೆಬಲ್‌ಗೆ ವರ್ಗವಾಯಿತು. ಇಲ್ಲಿ ಒಂದು ಸೊಗಸಾದ ಹೊಂದಾಣಿಕೆ ಇದೆ. ಹಳೆಯ ಟೆನರ್ ಕ್ಲೆಫ್‌ನ ಐದು ಗೆರೆಗಳು ಮಿಡಲ್ ಸಿಯ ಕೆಳಗಿನ ಡಿಯಿಂದ ಮೇಲಿನ ಇ ತನಕ. ಸ್ಥಾಯಿ ಇಳಿಸಿದ ಟ್ರೆಬಲ್ ಕ್ಲೆಫ್‌ನ ಗೆರೆಗಳು ಕೆಳಗಿನ ಇಯಿಂದ ಮೇಲಿನ ಎಫ್ ತನಕ. ವ್ಯತ್ಯಾಸ ಒಂದೇ ಒಂದು ಮೆಟ್ಟಿಲು. ಟೆನರ್ ತನ್ನ ಹಳೆಯ ಮನೆಯಲ್ಲೇ ಉಳಿಯಿತು, ಬಾಗಿಲಿನ ಮೇಲಿನ ಫಲಕ ಮಾತ್ರ ಬದಲಾಯಿತು ಎನ್ನಬಹುದು.

ಆ ಫಲಕವನ್ನು ಪ್ರಾಮಾಣಿಕವಾಗಿ ಬರೆಯುವ ಪ್ರಯತ್ನಗಳೂ ನಡೆದವು. ಕೆಲವರು ಎರಡು ಟ್ರೆಬಲ್ ಕ್ಲೆಫ್‌ಗಳನ್ನು ಒಟ್ಟಿಗೆ ಮುದ್ರಿಸಿದರು. ಕೆಲವರು ಟ್ರೆಬಲ್ ಕ್ಲೆಫ್‌ನ ಪಕ್ಕದಲ್ಲಿ ಮೂರನೇ ಸಂದಿನಲ್ಲಿ ಸಿ ಕ್ಲೆಫ್‌ನ ತುಂಡೊಂದನ್ನು ಸೇರಿಸಿ ಮಿಡಲ್ ಸಿ ಅಲ್ಲಿದೆ ಎಂದು ತೋರಿಸಿದರು. ಇಂದು ಗೆದ್ದಿರುವುದು ಬುಡದಲ್ಲಿ 8 ಹಾಕುವ ಪದ್ಧತಿ. ಹಳೆಯ ಇಂಗ್ಲಿಷ್ ಪ್ರತಿಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಸಾಲಿನ ಎಡಕ್ಕೆ ‘ಟೆನರ್’ ಎಂದು ಬರೆದಿದ್ದರೆ ಅದೇ ಸೂಚನೆ. ಒಂದು ಅಂಕಿ ಹಾಕುವಷ್ಟು ಮಸಿ ಉಳಿಸಿ ಪ್ರಕಾಶಕರು ಗಳಿಸಿದ್ದೇನು ಎಂದು ನನಗೆ ಈಗಲೂ ಅರ್ಥವಾಗಿಲ್ಲ. ಈ 8 ಅನ್ನು ಸ್ವರಗಳ ನೆತ್ತಿಯಲ್ಲಿ ಚುಕ್ಕಿಗೆರೆಯೊಂದಿಗೆ ಬರುವ ಪಿಯಾನೊದ 8ರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಚುಕ್ಕಿಗೆರೆಯದ್ದು ಅಷ್ಟು ಸ್ವರಗಳಿಗೆ ಮಾತ್ರ, ಕ್ಲೆಫ್‌ನ ಬುಡದ್ದು ಸಾಲು ಪೂರ್ತಿ.

ಇನ್ನು ನಿಮ್ಮ ಟೆನರ್‌ಗಳ ಮಾತು. ‘ಬರೆದದ್ದನ್ನೇ ಹಾಡುತ್ತಿದ್ದೇವೆ’ ಎಂದಾಗ ಅವರು ಸುಳ್ಳು ಹೇಳುತ್ತಿಲ್ಲ, ಇದು ನಮ್ಮ ಕಡೆಯವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಕರ್ನಾಟಕ ಸಂಗೀತದ ಪುಸ್ತಕದಲ್ಲಿ ಸ್ವರದ ಮೇಲೆ ಚುಕ್ಕಿ ಇದ್ದರೆ ತಾರ, ಕೆಳಗೆ ಇದ್ದರೆ ಮಂದ್ರ, ಚುಕ್ಕಿ ಇಲ್ಲದಿದ್ದರೆ ಮಧ್ಯ. ಯಾರ ಮಧ್ಯ? ಹಾಡುವವರದು. ಗಂಡಸರ ಷಡ್ಜ ಸಾಮಾನ್ಯವಾಗಿ ಸಿ, ಸಿ ಶಾರ್ಪ್, ಡಿಗಳ ಸುತ್ತ, ಹೆಂಗಸರದು ಎಫ್, ಜಿ, ಜಿ ಶಾರ್ಪ್‌ಗಳ ಸುತ್ತ. ಹಾರ್ಮೋನಿಯಂನವರು ಇದನ್ನೇ ಬಿಳಿ ಒಂದು, ಕಪ್ಪು ಒಂದು ಎಂದು ಎಣಿಸುತ್ತಾರೆ. ಪುಸ್ತಕ ಒಂದೇ, ಚುಕ್ಕಿಗಳು ಅವೇ, ಸ್ವರ ಹುಟ್ಟುವ ಜಾಗ ಬೇರೆ. ಭಜನೆಯಲ್ಲಿ ಗಂಡಸರು ಹೆಂಗಸರು ಒಂದೇ ಶ್ರುತಿಗೆ ಒಟ್ಟಿಗೆ ಹಾಡುವಾಗ ಅವರ ನಡುವೆ ಒಂದು ಸ್ಥಾಯಿಯ ಅಂತರವಿರುತ್ತದೆ. ‘ನೀವು ಒಂದು ಸ್ಥಾಯಿ ಕೆಳಗಿದ್ದೀರಿ’ ಎಂದು ಯಾರೂ ಯಾರನ್ನೂ ತಿದ್ದುವುದಿಲ್ಲ.

ಸ್ಟಾಫ್ ಬರಹ ಹಾಗಲ್ಲ, ಪ್ರತಿ ಗೆರೆಗೂ ಕೀಬೋರ್ಡಿನ ಮೇಲೆ ಖಚಿತ ವಿಳಾಸವಿದೆ ಎಂದು ನಮಗೆ ಕಲಿಸುತ್ತಾರೆ. ವಾದ್ಯಗಳಲ್ಲಿ ಇದು ಬಹುಮಟ್ಟಿಗೆ ನಿಜ. ಮನುಷ್ಯನ ಕಂಠಕ್ಕೆ ಬಂದಾಗ ಟ್ರೆಬಲ್ ಕ್ಲೆಫ್ ಅರ್ಧ ಚುಕ್ಕಿಬರಹವಾಗುತ್ತದೆ: ಸ್ವರದ ಹೆಸರು ಖಚಿತ, ಸ್ಥಾಯಿ ಹಾಡುವವರದು. ಟೆನರ್ ತನ್ನ ಜಿ ಸ್ವರಕ್ಕೆ ಏರಿದಾಗ ಪಡುವ ಶ್ರಮ, ಅದರ ಹೊಳಪು, ಎರಡೂ ಸೊಪ್ರಾನೊ ತನ್ನ ಜಿಗೆ ಏರಿದಾಗಿನಂತೆಯೇ. ಇಬ್ಬರ ಕಾಗದದಲ್ಲೂ ಆ ಸ್ವರ ಸ್ಟಾಫ್‌ನ ನೆತ್ತಿಯಲ್ಲಿದೆ. ಕಂಠಕ್ಕೆ ಆಗುವ ಅನುಭವವನ್ನು ಬರಹ ನಿಷ್ಠೆಯಿಂದ ತೋರಿಸುತ್ತದೆ. ಕಂಪನದ ಸಂಖ್ಯೆಯನ್ನು ತೋರಿಸುವುದಿಲ್ಲ. ಆದ್ದರಿಂದ ಯಾವ ಪ್ರತಿ ಬಂದರೂ ‘ಇದು ಯಾವ ಸ್ಥಾಯಿ’ ಎಂದು ಕೇಳುವ ಮೊದಲು ‘ಇದನ್ನು ಹಾಡುವವರು ಯಾರು’ ಎಂದು ಕೇಳಿ.

ಈ ಪ್ರಶ್ನೆಯನ್ನು ಅಜಾಗರೂಕತೆಯಿಂದ ಕೇಳಿದರೂ ಅನಾಹುತವೇ. ‘ಗಂಡಸು ಹಾಡಿದರೆ ಒಂದು ಸ್ಥಾಯಿ ಕೆಳಗೆ’ ಎಂದು ಬಾಯಿಪಾಠ ಮಾಡಿಕೊಳ್ಳಬೇಡಿ. ಕೌಂಟರ್‌ಟೆನರ್ (ಹೆಂಗಸರ ಎತ್ತರದಲ್ಲಿ ಹಾಡುವ ಗಾಯಕ) ಗಂಡಸೇ, ಆದರೆ ಆಲ್ಟೊ ಸಾಲನ್ನು ಬರೆದ ಸ್ಥಾಯಿಯಲ್ಲೇ ಹಾಡುತ್ತಾನೆ. ಧ್ವನಿ ಒಡೆಯದ ಹುಡುಗರೂ ಹಾಗೆಯೇ. ಮೊಜಾರ್ಟ್‌ನ ‘ಫಿಗರೊನ ಮದುವೆ’ ಒಪೆರಾದ ಕೆರುಬಿನೊ ಕಥೆಯಲ್ಲಿ ಹದಿಹರೆಯದ ಹುಡುಗ. ಹಾಡುವವಳು ಮಹಿಳೆ, ಸಾಲು ಬರೆದಲ್ಲಿಯೇ ಕೇಳಿಸಬೇಕು. ಲೆಕ್ಕಕ್ಕೆ ಬರುವುದು ಕಂಠ, ವೇಷವಲ್ಲ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಡೀ ಒಂದು ಪೀಳಿಗೆ ಈ ಗುಂಡಿಗೆ ಬಿದ್ದ ಉದಾಹರಣೆಯೂ ಇದೆ. ಹ್ಯಾಂಡೆಲ್ 1724ರಲ್ಲಿ ಲಂಡನ್ನಿನಲ್ಲಿ ‘ಜೂಲಿಯೊ ಚೇಸರೆ’ ಒಪೆರಾ ಪ್ರದರ್ಶಿಸಿದಾಗ ಸೀಸರನ ಪಾತ್ರ ಮಾಡಿದವನು ಸೆನೆಸಿನೊ, ಆಲ್ಟೊ ಹರವಿನ ಕ್ಯಾಸ್ಟ್ರಾಟೊ, ಅಂದರೆ ಧ್ವನಿ ಒಡೆಯದಿರಲೆಂದು ಬಾಲ್ಯದಲ್ಲೇ ಬೀಜ ತೆಗೆಸಲಾದ ಗಾಯಕ. ಆ ಬಗೆಯ ಗಾಯಕರು ಮುಂದೆ ಇಲ್ಲವಾದರು. 1922ರಲ್ಲಿ ಜರ್ಮನಿಯ ಗಟ್ಟಿಂಗನ್‌ನಲ್ಲಿ ಈ ಒಪೆರಾವನ್ನು ಮತ್ತೆ ರಂಗಕ್ಕೆ ತಂದಾಗ ಮಹಾವೀರ ಸೀಸರನ ಸಾಲನ್ನು ಒಂದು ಸ್ಥಾಯಿ ಇಳಿಸಿ ಗಂಡುಧ್ವನಿಗೆ ಕೊಟ್ಟರು. ದಶಕಗಟ್ಟಲೆ ಅದೇ ರೂಢಿ ನಡೆಯಿತು. ಕೇಳಲು ಗಂಭೀರವಾಗಿತ್ತು ನಿಜ. ಆದರೆ ವಯೊಲಿನ್‌ಗಳ ಪಕ್ಕದಲ್ಲಿ ಹೆಣೆದುಕೊಂಡು ಹೋಗಬೇಕಾದ ಕಂಠ ಚೆಲ್ಲೊಗಳ ಸಾಲಿಗೆ ಇಳಿದು, ಕೆಲವೆಡೆ ಮಂದ್ರದ ಸಾಲಿನೊಂದಿಗೇ ಅಡ್ಡಾದಿಡ್ಡಿ ಹಾಯುತ್ತಿತ್ತು. ಈಗ ಆ ಪಾತ್ರವನ್ನು ಹೆಚ್ಚಾಗಿ ಕೌಂಟರ್‌ಟೆನರ್ ಅಥವಾ ಮೆಜೊ ಸೊಪ್ರಾನೊ (ಸೊಪ್ರಾನೊಗಿಂತ ತುಸು ಕೆಳಗಿನ ಹೆಣ್ಣುಧ್ವನಿ) ಬರೆದ ಸ್ಥಾಯಿಯಲ್ಲೇ ಹಾಡುತ್ತಾರೆ.

ಬಾಸ್‌ಗೆ ಈ ರಿಯಾಯಿತಿ ಇಲ್ಲ. ಬಾಸ್ ಕ್ಲೆಫ್‌ನಲ್ಲಿರುವುದು ಬರೆದಲ್ಲಿಯೇ. ರಖ್ಮಾನಿನೊವ್ 1915ರ ತನ್ನ ‘ರಾತ್ರಿ ಜಾಗರಣೆ’ಯ ಐದನೇ ಭಾಗದ ಕೊನೆಗೆ ಬಾಸ್‌ಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಸ್ಟಾಫ್‌ನ ಕೆಳಗೆ, ಎರಡನೇ ಲೆಡ್ಜರ್ ಗೆರೆಗಿಂತಲೂ ಕೆಳಗಿನ ಬಿ ಫ್ಲ್ಯಾಟ್‌ಗೆ ಇಳಿಸುತ್ತಾನೆ. ಅದು ಮುದ್ರಣದ ಆಟವಲ್ಲ, ನಿಜವಾಗಿಯೂ ಅಲ್ಲಿಗೇ ಇಳಿಯಬೇಕು. ಒಂದು ಸಣ್ಣ ಎಚ್ಚರಿಕೆ ಮಾತ್ರ: ನಾಲ್ಕೂ ಧ್ವನಿಗಳ ಮೇಲೆ ‘ಯೂನಿಸನ್’ ಎಂದು ಬರೆದು ಒಂದೇ ಟ್ರೆಬಲ್ ಸಾಲು ಕೊಟ್ಟಿದ್ದರೆ, ಟೆನರ್ ಮತ್ತು ಬಾಸ್ ಇಬ್ಬರೂ ಒಂದು ಸ್ಥಾಯಿ ಕೆಳಗೆ. ಯೂನಿಸನ್ ಎಂದು ಕರೆದರೂ ಕೇಳಿಸುವುದು ಎರಡು ಸ್ಥಾಯಿ.

ಒಬ್ಬರೇ ಹಾಡುವ ಹಾಡುಗಳಿಗೂ ಇದೇ ರೀತಿ, ಇನ್ನೂ ಸಡಿಲವಾಗಿ. ಶೂಬರ್ಟ್‌ನ ‘ವಿಂಟರ್‌ರೈಸ’ ಹಾಡುಮಾಲೆಯ ಗಾಯನ ಸಾಲು ಟ್ರೆಬಲ್ ಕ್ಲೆಫ್‌ನಲ್ಲಿದೆ. 8ರ ಸುಳಿವೇ ಇಲ್ಲ. ಫಿಷರ್ ಡೀಸ್ಕೌನಂಥ ಬ್ಯಾರಿಟೋನ್ (ಟೆನರ್ ಮತ್ತು ಬಾಸ್ ನಡುವಿನ ಗಂಡುಧ್ವನಿ) ಹಾಡಿದರೆ ಕಂಠ ಒಂದು ಸ್ಥಾಯಿ ಕೆಳಗೆ. ಬ್ರಿಗಿಟ್ ಫಾಸ್‌ಬೆಂಡರ್‌ನಂಥ ಮೆಜೊ ಹಾಡಿದರೆ ಕಾಗದದ ಸ್ಥಾಯಿಯಲ್ಲೇ. ಪಿಯಾನೊ ಮಾತ್ರ ಇಬ್ಬರಿಗೂ ಬರೆದಲ್ಲಿಯೇ ನುಡಿಯುತ್ತದೆ. ಹಾಗಾಗಿ ಗಂಡಸು ಹಾಡುವಾಗ ಪಿಯಾನೊದ ಬಲಗೈ ಕಂಠದ ಮೇಲೆ ತೇಲುತ್ತದೆ, ಹೆಂಗಸು ಹಾಡುವಾಗ ಅದೇ ಬಲಗೈ ಕಂಠದ ಅಕ್ಕಪಕ್ಕಕ್ಕೋ ಕೆಳಕ್ಕೋ ಬರುತ್ತದೆ. ಎರಡೂ ಸರಿ, ರುಚಿ ಬೇರೆ. ಹಾಡುಗಾರರು ನಿಮ್ಮೆದುರು ಇದ್ದಾಗ ಪಿಯಾನೊ ಭಾಗವನ್ನು ಅವರ ಜೊತೆ ಇಳಿಸುವ ಹುಮ್ಮಸ್ಸು ಬೇಡ. ಮೇಳಗಳಿಗೆ ಸಿಗುವ ಚಲನಚಿತ್ರಗೀತೆಗಳ ಪ್ರತಿಗಳಲ್ಲೂ ಗಂಡು ಹೆಣ್ಣು ಇಬ್ಬರ ಸಾಲೂ ಟ್ರೆಬಲ್ ಕ್ಲೆಫ್‌ನಲ್ಲೇ ಇರುವುದು ಸಾಮಾನ್ಯ. ಯುಗಳಗೀತೆಯಲ್ಲಿ ಇಬ್ಬರ ಸ್ವರವೂ ಕಾಗದದಲ್ಲಿ ಒಂದೇ ಗೆರೆಯ ಮೇಲಿದ್ದರೆ ಕೇಳಿಸುವುದು ಒಂದು ಸ್ಥಾಯಿ ಅಂತರದಲ್ಲಿ. ಅಂದಹಾಗೆ, ನಿಮ್ಮ ಕ್ವಾಯರ್‌ನಲ್ಲಿ ಗಿಟಾರ್ ನುಡಿಸುವವರಿದ್ದರೆ ಅವರ ವಾದ್ಯವೂ ಇದೇ ಗುಂಪಿನದು. ಗಿಟಾರ್ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಎಷ್ಟೋ ಗಿಟಾರ್‌ನವರಿಗೇ ಇದು ಗೊತ್ತಿರುವುದಿಲ್ಲ, ಗೊತ್ತಿಲ್ಲದೆಯೇ ಸುಖವಾಗಿದ್ದಾರೆ.

ಸ್ವರಕ್ಕೆ ಅಂಕಿ ಸೇರಿಸಿ ಮಾತಾಡುವ ರೂಢಿ ಇಂಥ ಕಡೆ ಜಗಳ ಬಿಡಿಸುತ್ತದೆ. ಮಿಡಲ್ ಸಿಯನ್ನು ಸಿ4 ಎನ್ನುತ್ತಾರೆ. ಅದರ ಮೇಲಿನ ಎ, ಅಂದರೆ ಎ4, 440 ಹರ್ಟ್ಸ್ ಎಂದಿಟ್ಟುಕೊಂಡರೆ ಮಿಡಲ್ ಸಿ ಸುಮಾರು 261.6 ಹರ್ಟ್ಸ್. ಸ್ಥಾಯಿ ಏರಿದಂತೆ ದುಪ್ಪಟ್ಟು: ಸಿ5 ಸುಮಾರು 523, ಸಿ6 ಸುಮಾರು 1046. ಆದರೆ ಯಾಮಾಹಾ ಕೀಬೋರ್ಡುಗಳಲ್ಲಿ ಮಿಡಲ್ ಸಿಯ ಹೆಸರು ಸಿ3. ಇಬ್ಬರು ಫೋನಿನಲ್ಲಿ ಅರ್ಧ ಗಂಟೆ ವಾದ ಮಾಡಿ, ಕೊನೆಗೆ ಒಂದೇ ಕೀಯ ಬಗ್ಗೆ ಮಾತಾಡುತ್ತಿದ್ದೆವು ಎಂದು ತಿಳಿದು ನಕ್ಕದ್ದನ್ನು ನಾನು ಕಂಡಿದ್ದೇನೆ. ಎಲೆಕ್ಟ್ರಾನಿಕ್ ವಾದ್ಯಗಳು ಪ್ರತಿ ಸ್ವರಕ್ಕೂ ಕೊಡುವ ಮಿಡಿ ಸಂಖ್ಯೆಯಲ್ಲಿ 60 ಎಂದರೆ ಮಾತ್ರ ಎಲ್ಲರಿಗೂ ಮಿಡಲ್ ಸಿಯೇ.

ಟೆನರ್‌ಗಳ ‘ಹೈ ಸಿ’ ಎಂಬ ಕೀರ್ತಿಯನ್ನು ಈ ಅಂಕಿಗಳಲ್ಲಿ ನೋಡಿದರೆ ತಮಾಷೆ. ಡೊನಿಜೆಟ್ಟಿಯ 1840ರ ‘ರೆಜಿಮೆಂಟಿನ ಮಗಳು’ ಒಪೆರಾದಲ್ಲಿ ಟೆನರ್ ಒಂದೇ ಹಾಡಿನಲ್ಲಿ ಒಂಬತ್ತು ಬಾರಿ ಆ ಸಿಗೆ ಜಿಗಿಯಬೇಕು. 1972ರಲ್ಲಿ ನ್ಯೂಯಾರ್ಕಿನಲ್ಲಿ ಪಾವರೊಟ್ಟಿ ಅವನ್ನು ಹಾಡಿದ್ದು ದಂತಕಥೆಯಾಗಿ ಉಳಿದಿದೆ. ಕಾಗದದಲ್ಲಿ ಆ ಸ್ವರ ಸ್ಟಾಫ್‌ನ ಮೇಲೆ ಎರಡನೇ ಲೆಡ್ಜರ್ ಗೆರೆಯಲ್ಲಿ, ಸಿ6 ಇರುವಲ್ಲಿ ಕಾಣುತ್ತದೆ. ಕೇಳಿಸುವುದು ಸಿ5. ನಿಮ್ಮ ಕ್ವಾಯರ್‌ನ ಯಾವ ಸೊಪ್ರಾನೊ ಆದರೂ ಪ್ರತಿ ಭಾನುವಾರ ಆಯಾಸವಿಲ್ಲದೆ ಹಾಡುವ ಸ್ವರ. ಪಾವರೊಟ್ಟಿಯ ಗಂಟಲಲ್ಲಿ ಅದು ಶಿಖರ. ಬರಹ ಅದನ್ನು ಶಿಖರದಲ್ಲೇ ಇಟ್ಟು ತೋರಿಸುತ್ತದೆ.

ಬೆಂಗಳೂರಿನ ಕ್ವಾಯರ್‌ಗಳಿಗೆ ಹೋದರೆ ನೀವು ಇನ್ನೊಂದು ಬರಹವನ್ನೂ ಕಾಣಬಹುದು. ಮಿಜೋರಾಂ, ನಾಗಾಲ್ಯಾಂಡ್ ಕಡೆಯಿಂದ ಬಂದ ಹುಡುಗ ಹುಡುಗಿಯರು ಗೆರೆಗಳಿಲ್ಲದ ಟಾನಿಕ್ ಸೋಲ್‌ಫಾ ಪುಸ್ತಕ ಹಿಡಿದು, ನಾವು ಕ್ಲೆಫ್ ಹುಡುಕುವಷ್ಟರಲ್ಲಿ ನಾಲ್ಕು ಧ್ವನಿಗಳನ್ನು ಹಾಡಿ ಮುಗಿಸಿರುತ್ತಾರೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ರೂಢಿಗೆ ತಂದ, ಮಿಷನರಿಗಳು ಊರೂರಿಗೆ ಒಯ್ದ ಪದ್ಧತಿ ಅದು. ನಮ್ಮ ಸರಿಗಮದ ಹಾಗೆ ಡೊ, ರೆ, ಮಿಗಳ ಮೊದಲಕ್ಷರಗಳು. ಸ್ಥಾಯಿಗೆ ಚುಕ್ಕಿಯ ಬದಲು ಪುಟ್ಟ ಗೀಟು. ಗೀಟುಗಳು ಕಿಕ್ಕಿರಿಯದಿರಲೆಂದು ಅಲ್ಲಿ ಟೆನರ್ ಮಾತ್ರವಲ್ಲ, ಬಾಸ್ ಸಾಲನ್ನೂ ಒಂದು ಸ್ಥಾಯಿ ಮೇಲೆ ಬರೆಯುತ್ತಾರೆ. ಅವರಲ್ಲಿ ಯಾರಾದರೂ ತಮ್ಮ ಪುಸ್ತಕದಿಂದ ಬಾಸ್ ಸಾಲನ್ನು ನಿಮಗಾಗಿ ಸ್ಟಾಫ್‌ಗೆ ಇಳಿಸಿಕೊಟ್ಟರೆ ಸ್ಥಾಯಿಯನ್ನು ಒಮ್ಮೆ ಪರೀಕ್ಷಿಸಿ.

ಈಗ ನಿಮ್ಮ ಮುಂದಿನ ಶನಿವಾರದ ಅಭ್ಯಾಸಕ್ಕೆ ಬರೋಣ. ನಾಲ್ಕು ಸ್ಟಾಫ್‌ಗಳ ಕೆಳಗೆ ಸಣ್ಣಕ್ಷರದಲ್ಲಿ ಪಿಯಾನೊ ಭಾಗವಿದ್ದು ‘ಅಭ್ಯಾಸಕ್ಕೆ ಮಾತ್ರ’ ಎಂದಿದ್ದರೆ, ಅದರಲ್ಲಿ ಟೆನರ್ ತನ್ನ ನಿಜವಾದ ಜಾಗದಲ್ಲಿರುತ್ತದೆ. ಅನುಮಾನ ಬಂದಾಗ ಅದನ್ನೇ ಸಾಕ್ಷಿಗೆ ಕರೆಯಿರಿ. ಪಿಯಾನೊ ಭಾಗವಿಲ್ಲದಿದ್ದರೆ ಟೆನರ್ ಸಾಲನ್ನು ಎಡಗೈಗೆ ವಹಿಸಿಬಿಡಿ. ಬಲಗೈಯಲ್ಲಿ ಸೊಪ್ರಾನೊ ಮತ್ತು ಆಲ್ಟೊ, ಎಡಗೈಯಲ್ಲಿ ಟೆನರ್ ಮತ್ತು ಬಾಸ್. ಟ್ರೆಬಲ್ ಕ್ಲೆಫ್ ಓದುತ್ತ ಎಡಗೈಯನ್ನು ಕೆಳಗಿಡಲು ಮೊದಲ ವಾರ ತಲೆ ತಿರುಗುತ್ತದೆ, ಮೂರನೇ ವಾರಕ್ಕೆ ಮರೆತೇಹೋಗುತ್ತದೆ. ಕ್ಲೆಫ್‌ನ ಬುಡದಲ್ಲಿ 8 ಇಲ್ಲದ ಪ್ರತಿಗಳಿಗೆಲ್ಲ ಪೆನ್ಸಿಲ್ಲಿನಿಂದ ನೀವೇ ಒಂದು ಹಾಕಿಬಿಡಿ, ಮುಂದೆ ಬರುವ ಕೀಬೋರ್ಡಿನವರು ನಿಮ್ಮನ್ನು ನೆನೆಯುತ್ತಾರೆ.

ಈಗ ಕ್ಯಾಸೆಟ್ ಹೋಗಿ ಸ್ವರಲಿಪಿ ಬರೆದು ನುಡಿಸುವ ಮ್ಯೂಸ್‌ಸ್ಕೋರ್ ತಂತ್ರಾಂಶ ಬಂದಿದೆ, ತಪ್ಪು ಮಾತ್ರ ಹಳೆಯದೇ. ಅದರಲ್ಲಿ ಅಭ್ಯಾಸದ ಧ್ವನಿಮುದ್ರಿಕೆ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಂಚುವುದಾದರೆ, ವಾದ್ಯಗಳ ಪಟ್ಟಿಯಲ್ಲಿ ಟೆನರ್ ಎಂದೇ ಆರಿಸಿ. 8 ಇರುವ ಕ್ಲೆಫ್ ತಾನಾಗಿ ಬರುತ್ತದೆ, ನುಡಿಯುವುದೂ ಸರಿಯಾದ ಸ್ಥಾಯಿಯಲ್ಲಿ. ಬರಿಯ ಟ್ರೆಬಲ್ ಕ್ಲೆಫ್‌ನಲ್ಲಿ ಎಲ್ಲ ಸ್ವರಗಳನ್ನೂ ಹಾಕಿಯಾಗಿದ್ದರೆ, ಕ್ಲೆಫ್ ಬದಲಿಸಿದ ಕೂಡಲೇ ಸ್ವರಗಳೆಲ್ಲ ಕಾಗದದಲ್ಲಿ ಒಂದು ಸ್ಥಾಯಿ ಮೇಲಕ್ಕೆ ಹಾರುತ್ತವೆ. ಗಾಬರಿ ಬೇಡ. ಅದು ಕೇಳಿಸುತ್ತಿದ್ದ ಸ್ವರವನ್ನು ಹಾಗೆಯೇ ಉಳಿಸಿಕೊಳ್ಳುತ್ತಿದೆ ಅಷ್ಟೆ. ಸಾಲನ್ನು ಪೂರ್ತಿ ಆರಿಸಿ, ಕಂಟ್ರೋಲ್ ಒತ್ತಿ ಹಿಡಿದು ಕೆಳಮುಖದ ಬಾಣದ ಕೀಯನ್ನು ಒಮ್ಮೆ ಒತ್ತಿದರೆ ನೋಟವೂ ನಾದವೂ ಜಾಗಕ್ಕೆ ಬರುತ್ತವೆ.

ಟೆನರ್‌ಗೆ ಸೇರುವ ಆ ಇಬ್ಬರು ಮಹಿಳೆಯರ ವಿಷಯ. ವೆನಿಸ್ಸಿನ ಪಿಯೆತಾ ಅನಾಥಾಲಯದ ಹೆಣ್ಣುಮಕ್ಕಳ ಕ್ವಾಯರ್‌ಗಾಗಿ ವಿವಾಲ್ಡಿ ಟೆನರ್, ಬಾಸ್ ಸೇರಿದ ನಾಲ್ಕೂ ಧ್ವನಿಗಳ ಸಂಗೀತ ಬರೆದಿದ್ದಾನೆ. ಅಲ್ಲಿ ಬಾಸ್ ಸಾಲನ್ನು ಒಂದು ಸ್ಥಾಯಿ ಮೇಲೆ ಹಾಡುತ್ತಿದ್ದರೇ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಟೆನರ್ ಸಾಲನ್ನು ದಪ್ಪಕಂಠದ ಹೆಂಗಸರು ಅದರ ಸ್ಥಾಯಿಯಲ್ಲೇ ಹಾಡುವುದು ಸಾಧ್ಯವಾದ ಮಾತೇ. ನಿಮ್ಮ ಇಬ್ಬರು ಮಹಿಳೆಯರೂ ಟೆನರ್‌ಗಳ ಜೊತೆಗೆ, ಅದೇ ಸ್ಥಾಯಿಯಲ್ಲಿಯೇ ಹಾಡಬೇಕು. ಕಾಗದದಲ್ಲಿ ಕಂಡ ಸ್ಥಾಯಿಯಲ್ಲಿ ಹಾಡಿದರೆ ಅವರೂ ಸೊಪ್ರಾನೊದ ತಲೆಯ ಮೇಲೆ ಹೋಗುತ್ತಾರೆ. ಮಿಡಲ್ ಸಿಯ ಸುತ್ತಮುತ್ತ ಅವರಿಗೆ ಕಷ್ಟವಾಗದು, ಜಿ3 ತನಕವೂ ಬಹುಶಃ ನಿಭಾಯಿಸಿಯಾರು. ಸಾಲು ಅದಕ್ಕಿಂತ ಕೆಳಗಿಳಿದ ಕಡೆ ಗಂಟಲು ಒತ್ತಿ ಹಾಡಿಸಬೇಡಿ, ಪದದ ನಡುವೆ ಮೇಲಿನ ಸ್ಥಾಯಿಗೆ ಜಿಗಿಯಲೂ ಬಿಡಬೇಡಿ. ಆ ಜಾಗಗಳಿಗೆ ಪೆನ್ಸಿಲ್ಲಿನಿಂದ ಆವರಣ ಹಾಕಿಕೊಡಿ; ಅಲ್ಲಿ ಅವರು ಸುಮ್ಮನಿದ್ದು, ಮುಂದಿನ ಪದಕ್ಕೆ ಉಸಿರು ತೆಗೆದುಕೊಳ್ಳಲಿ.